ಕಿಟಕಿಯ ಸರಳಿಗೆ ಕಟ್ಟಿದ ಗುಡ್ಡ

ಮೊದಲ ಮಳೆಗೆ ಮಣ್ಣಿನಿಂದ ಏಳುವ ವಾಸನೆಯನ್ನು ಹೊಗಳಿ ಬರೆಯುವವರ ಮೇಲೆ ನನಗೊಂದು ತಕರಾರಿದೆ. ಅವರಾರೂ ಕಲ್ಲಿನ ಪುಡಿಯ ಮೇಲೆ ಬಿದ್ದ ಮಳೆಯನ್ನು ಮೂಸಿದವರಲ್ಲ. ಅದು ಮೂಗಿಗೆ ಹಿತವಲ್ಲ. ಹಳೆಯ ಸುಣ್ಣದ ಗೋಡೆಗೆ ನೀರು ಚಿಮುಕಿಸಿದ ಹಾಗೆ ಇರುತ್ತದೆ, ಅದರೊಳಗೆ ಸುಟ್ಟ ಸಿಡಿಮದ್ದಿನದೂ ಒಂದು ಎಳೆ. ಈ ಜುಲೈಯಲ್ಲಿ ಸಿಂಧನೂರಿನಿಂದ ಲಿಂಗಸುಗೂರಿಗೆ ಹೊರಟ ನಮ್ಮ ಬಸ್ಸು ಮಸ್ಕಿ ದಾಟಿ ಒಂದು ಕ್ರಾಸಿನಲ್ಲಿ ನಿಂತಿತು. ಮುಂದೆ ಜಲ್ಲಿ ತುಂಬಿದ ಟಿಪ್ಪರು, ಅದರ ಮೇಲೆ ಆಗಷ್ಟೇ ಬಿದ್ದ ಹನಿ. ಆ ವಾಸನೆ ಕಿಟಕಿಯಿಂದ ಒಳಗೆ ಬಂತು. ಟಿಕೆಟ್ಟು ಲಿಂಗಸುಗೂರಿನವರೆಗೆ ಇತ್ತು. ನಾನು ಇಳಿದುಬಿಟ್ಟೆ.

ಆ ಕ್ರಾಸಿನಿಂದ ಒಳಗಿರುವ ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಜನ ಇನ್ನೂ ಬದುಕಿದ್ದಾರೆ, ಅವರಿಗೆ ನಾನು ಈಗಾಗಲೇ ಬೇಕಾದಷ್ಟು ಉಪಕಾರ ಮಾಡಿಯಾಗಿದೆ. ಮೂರು ವರ್ಷದ ಹಿಂದೆ, ಜೂನ್‌ನಿಂದ ಏಪ್ರಿಲ್‌ವರೆಗೆ ಒಂದೇ ಒಂದು ಶಾಲಾ ವರ್ಷ, ಆ ಊರಿನ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೆ. ಬಿ.ಎಡ್. ಮುಗಿಸಿ ನೇಮಕಾತಿಗೆ ಕಾಯುತ್ತಿದ್ದ ಕಾಲ. ಸಿಂಧನೂರಿನ ನಮ್ಮ ಮನೆಯ ಷೋಕೇಸಿನಲ್ಲಿ ಬುದ್ಧನ ಮೂರ್ತಿಯ ಎಡಬಲಕ್ಕೆ ನಾನು ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ನಿಂತಿವೆ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಯಾರು ಏನೇ ಹೇಳಲಿ, ಯಾಕೆ ಎಂದು ಕೇಳದೆ ಒಪ್ಪಬೇಡ ಅಂತ ಬೆಳೆಸಿದವರು. ಆ ಮಾತನ್ನು ನಾನು ಅತಿಯಾಗಿ ಪಾಲಿಸಿದೆ. ವಿಷಯದ ಪರ ಕೊಟ್ಟರೂ ಗೆಲ್ಲುತ್ತಿದ್ದೆ, ವಿರೋಧ ಕೊಟ್ಟರೂ ಗೆಲ್ಲುತ್ತಿದ್ದೆ. ಎದುರಿನವರ ಮಾತಿನಲ್ಲಿ ಬಿರುಕು ಎಲ್ಲಿದೆಯೆಂದು ಮೊದಲ ನಿಮಿಷದಲ್ಲೇ ಕಾಣುತ್ತಿತ್ತು. ನನ್ನ ಮಾತಿನಲ್ಲಿ ಎಲ್ಲಿದೆಯೆಂದು ನೋಡುವ ಅಭ್ಯಾಸ ಮಾತ್ರ ಇರಲಿಲ್ಲ.

ಶಾಲೆ ಎಂದರೆ ನಾಲ್ಕು ಕೋಣೆ, ಒಂದು ಅಡುಗೆಮನೆ, ಎಂಟನೆಯ ತರಗತಿಯವರೆಗೆ ಪಾಠ. ಆರನೆಯ ತರಗತಿಯ ಕಿಟಕಿಯ ತುಂಬ ಗುಡ್ಡ. ನಮ್ಮ ಕಡೆಯ ಗುಡ್ಡಗಳನ್ನು ನೋಡಿದವರಿಗೆ ಗೊತ್ತು, ಅವು ನೆಲದಿಂದ ಎದ್ದ ಹಾಗಿರುವುದಿಲ್ಲ, ಯಾರೋ ಬಂಡೆಗಳನ್ನು ತಂದು ಸುರಿದು ಮರೆತು ಹೋದ ಹಾಗಿರುತ್ತವೆ. ಗುಡ್ಡದ ಆಚೆ ಮಗ್ಗುಲಿಗೆ ಕಲ್ಲು ಒಡೆದು ಜಲ್ಲಿ ಮಾಡುವ ಕ್ರಷರ್. ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಸರಿಯಾಗಿ ಅಲ್ಲಿಂದ ಸೀಟಿ ಕೇಳಿಸುತ್ತಿತ್ತು. ಮೊದಲ ದಿನ ನಾನು ಕಂಡದ್ದು ಇದು: ಸೀಟಿ ಬಿದ್ದ ಕೂಡಲೇ ಸಾಲಾಗಿ ಕುಳಿತ ಮಕ್ಕಳೆಲ್ಲ ಎಡಗೈಯನ್ನು ತಟ್ಟೆಯ ಮೇಲೆ ಮುಚ್ಚಿ, ಬಾಯಿ ತೆರೆದುಕೊಂಡು ಸುಮ್ಮನೆ ಕುಳಿತರು. ಗುಡ್ಡ ಸಿಡಿಯಿತು. ಕಿಟಕಿ ಅದುರಿತು. ಬಿಳಿ ಪುಡಿ ನಿಧಾನವಾಗಿ ಕೈಗಳ ಮೇಲೆ ಇಳಿಯಿತು. ಅವರು ಬಾಯಿ ಮುಚ್ಚಿ, ಕೈ ಝಾಡಿಸಿ, ಅನ್ನಕ್ಕೆ ಸಾರು ಕಲಸಿಕೊಂಡರು. ಬಾಯಿ ತೆರೆದಿದ್ದರೆ ಸದ್ದು ಕಿವಿಗೆ ಬಡಿಯುವುದಿಲ್ಲವಂತೆ. ಒಂದನೆಯ ತರಗತಿಗೆ ಸೇರಿದ ಕೂಸು ಅ ಆ ಇ ಈ ಕಲಿಯುವ ಮೊದಲು ಇದನ್ನು ಕಲಿಯುತ್ತಿತ್ತು. ಯಾರೂ ಕಲಿಸುತ್ತಿರಲಿಲ್ಲ.

ಜೂನ್ ಕೊನೆಗೆ ನಾನು ಶಿಲೆಗಳ ಪಾಠ ಶುರುಮಾಡಿದೆ. ಹಗಲಿನ ಬಿಸಿಲಿಗೆ ಬಂಡೆ ಹಿಗ್ಗುತ್ತದೆ, ರಾತ್ರಿಯ ತಂಪಿಗೆ ಕುಗ್ಗುತ್ತದೆ, ಈರುಳ್ಳಿಯ ಸಿಪ್ಪೆಯಂತೆ ಪದರು ಬಿಡುತ್ತದೆ. ಬಿರುಕಿನೊಳಗೆ ನೀರು ಇಳಿಯುತ್ತದೆ, ಬೇರು ಇಳಿಯುತ್ತದೆ. ಬಂಡೆ ಗುಂಡಾಗುತ್ತದೆ, ಗುಂಡು ಗರಸಾಗುತ್ತದೆ, ಗರಸು ಮಣ್ಣಾಗುತ್ತದೆ. ಮೇಜಿನ ಮೇಲೆ ಹಟ್ಟಿ ಗಣಿಯ ದಾರಿಯಲ್ಲಿ ಆರಿಸಿದ ಬೆಣಚುಕಲ್ಲು, ಗುಡ್ಡದ ಬುಡದ ಗರಸು, ಒಂದು ಮುಷ್ಟಿ ಕೆಂಪು ಮಸಾರಿ ಮಣ್ಣು ಇಟ್ಟಿದ್ದೆ. ಮಕ್ಕಳು ನನಗಿಂತ ಚೆನ್ನಾಗಿ ಅವುಗಳ ಹೆಸರು ಹೇಳಿದರು. ಎಲ್ಲ ಸರಿಯಾಗಿ ನಡೆದಿತ್ತು. ಆಗ ಎರಡನೆಯ ಸಾಲಿನಿಂದ ಹುಲಿಗೆಮ್ಮ ಎದ್ದು ನಿಂತಳು. ತೆಳ್ಳಗಿನ, ಉದ್ದ ಕತ್ತಿನ ಹುಡುಗಿ. ಅವಳ ಅಪ್ಪ ಯಮನಪ್ಪ ಕ್ರಷರಿನಲ್ಲಿ ಟ್ರಾಕ್ಟರು ಓಡಿಸುತ್ತಿದ್ದ, ಅವ್ವ ಕಾಲುವೆ ಸೀಮೆಗೆ ನಾಟಿ ಕೆಲಸಕ್ಕೆ ಹೋಗುತ್ತಿದ್ದಳು.

"ಒಂದು ಗುಡ್ಡ ಸವೆದು ನೆಲ ಆಗಾಕ ಎಷ್ಟು ದಿನ ಬೇಕ್ರೀ ಟೀಚರ್?"

"ದಿನ ಅಲ್ಲ. ಲಕ್ಷಾಂತರ ವರ್ಷ."

ತರಗತಿ ನಕ್ಕಿತು. ಒಬ್ಬಿಬ್ಬರಲ್ಲ, ಇಡೀ ತರಗತಿ. ಹುಲಿಗೆಮ್ಮ ಮಾತ್ರ ನಗಲಿಲ್ಲ, ಪಾಪ ಈಕೆಗೆ ಗೊತ್ತಿಲ್ಲ ಎನ್ನುವಂತೆ ಕಿಟಕಿಯ ಕಡೆ ಕೈ ತೋರಿಸಿದಳು. "ಹ್ವಾದ ವರ್ಷ ಅಲ್ಲೆ ಮ್ಯಾಲ ಕೋಡುಗಲ್ಲು ಇತ್ತರೀ. ಈಗ ಇಲ್ಲ."

ನಾನು ಬಿಡಲಿಲ್ಲ. ಮಸ್ಕಿಯ ಬಂಡೆಯ ಮೇಲೆ ಕೆತ್ತಿದ ಶಾಸನದ ಅಕ್ಷರ ಇಷ್ಟು ಶತಮಾನವಾದರೂ ಅಳಿಸಿಲ್ಲ, ಕಲ್ಲಿನ ನಿಧಾನಕ್ಕೆ ಅದೇ ಸಾಕ್ಷಿ ಎಂದೆ. ನಿಸರ್ಗ ಸವೆಸುವುದು ಬೇರೆ, ಮನುಷ್ಯ ಒಡೆಯುವುದು ಬೇರೆ ಎಂದೂ ಹೇಳಿದೆ. ಅವಳು ಒಪ್ಪಿ ಕುಳಿತಳು. ಮರಳಿ ಸಿಂಧನೂರಿಗೆ ಹೋಗುವ ಬಸ್ಸಿನಲ್ಲಿ ಆ ನಗು ಚುಚ್ಚಿತು. ನಾನು ಪುಸ್ತಕದಿಂದ ಮಾತಾಡಿದ್ದೆ, ಅವಳು ಕಣ್ಣಿನಿಂದ. ಹಾಗಾದರೆ ಕಣ್ಣಿನಿಂದಲೇ ಅಳೆಯೋಣ ಎಂದುಕೊಂಡೆ.

ಕಿಟಕಿಗೆ ಗಾಜಿರಲಿಲ್ಲ, ಒಂಬತ್ತು ಕಬ್ಬಿಣದ ಸರಳುಗಳಿದ್ದವು. ನೆಲದ ಮೇಲೆ ಒಂದು ಗುರುತು ಹಾಕಿದೆ. ಆ ಗುರುತಿನ ಮೇಲೆ ಒಬ್ಬಳು ನಿಂತು, ಒಂದು ಕಣ್ಣು ಮುಚ್ಚಿ, ಗುಡ್ಡದ ಅಂಚು ಪ್ರತಿ ಸರಳನ್ನು ಎಲ್ಲಿ ದಾಟುತ್ತದೆಂದು ಹೇಳಬೇಕು. ಇನ್ನೊಬ್ಬರು ಅಲ್ಲಿ ದಾರ ಕಟ್ಟಬೇಕು. ತಿಂಗಳಿಗೊಂದು ಬಣ್ಣ. ನಿಲ್ಲುವವರು ಬದಲಾದರೆ ಅಳತೆ ಕೆಡುತ್ತದೆ, ಆದ್ದರಿಂದ ವರ್ಷವಿಡೀ ಹುಲಿಗೆಮ್ಮನೇ ಕಣ್ಣು. ದಾರವನ್ನೂ ಅವಳೇ ತಂದಳು, ಅವಳ ಅವ್ವ ಕೌದಿ ಹೊಲಿಯುವ ದಾರ. ಜೂನ್‌ಗೆ ಕೆಂಪು. ಜುಲೈಗೆ ಹಳದಿ. ಹಳದಿ ಒಂದು ಬೆರಳು ಕೆಳಗೆ ಬಂತು. ಆಗಸ್ಟಿನಲ್ಲಿ ಮಳೆ ಜಡಿದು ಕ್ರಷರಿಗೆ ಹದಿನೈದು ದಿನ ಬಿಡುವಾಯಿತು, ಹಸಿರು ದಾರ ಹಳದಿಯ ಪಕ್ಕದಲ್ಲೇ ಕುಳಿತಿತು. ನೋಡಿ, ಮಳೆ ಏನೂ ಮಾಡಲಿಲ್ಲ ಎಂದು ಮಕ್ಕಳಿಗೆ ತೋರಿಸಿದೆ. ನನ್ನ ಜೀವನದಲ್ಲಿ ಅದಕ್ಕಿಂತ ಒಳ್ಳೆಯ ಪಾಠ ನಾನು ಮಾಡಿಲ್ಲ.

ಸರಳಿಗೆ ಬಣ್ಣದ ದಾರ ಕಂಡ ಊರಿನ ಹೆಂಗಸೊಬ್ಬಳು ಒಂದು ಮಂಗಳವಾರ ಬಂದು ಐದನೆಯ ಸರಳಿಗೆ ಅರಿಶಿನ ಕುಂಕುಮ ಹಚ್ಚಿ ಹೋದಳು. ಹರಕೆ ಎಂದುಕೊಂಡಿದ್ದಳು. ನಾನು ಸಿಟ್ಟಿನಿಂದ ಒರೆಸಲು ಹೋದರೆ ಹೆಡ್‌ಮಾಸ್ತರು ತಡೆದರು. ಶರಣಪ್ಪ ಸರ್ ನಿವೃತ್ತಿಗೆ ಹತ್ತಿರವಾದವರು. ಹಣೆಗೆ ದಿನವೂ ವಿಭೂತಿ, ದಾಖಲೆಪುಸ್ತಕದಲ್ಲಿ ಒಂದು ತಿದ್ದುಪಡಿ ಇಲ್ಲ. "ಇರ್ಲಿ ಬಿಡ್ರಿ ಮೇಡಂ, ಕುಂಕುಮ ಹಚ್ಚಿದ್ರ ನಿಮ್ಮ ಅಳತಿ ಏನು ಹೆಚ್ಚುಕಮ್ಮಿ ಆಗಂಗಿಲ್ಲ" ಎಂದರು. ನಾನು ಒರೆಸುವ ಬಟ್ಟೆಯನ್ನು ಮೇಜಿನ ಮೇಲಿಟ್ಟೆ.

ಡಿಸೆಂಬರಿನಲ್ಲಿ ಮಕ್ಕಳ ಎತ್ತರ ತೂಕ ಬರೆದುಕೊಂಡ ದಿನ ಹುಲಿಗೆಮ್ಮ ಮುಖ ಸಣ್ಣದು ಮಾಡಿಕೊಂಡು ಬಂದಳು. ತಾನು ಆರು ತಿಂಗಳಲ್ಲಿ ಎತ್ತರವಾಗಿದ್ದಾಳೆ. ತನ್ನ ಕಣ್ಣು ಮೇಲೇರಿದ್ದಕ್ಕೇ ಗುಡ್ಡ ಇಳಿದಂತೆ ಕಾಣುತ್ತಿದ್ದರೆ? ಇಷ್ಟು ದಿನ ಕಟ್ಟಿದ್ದೆಲ್ಲ ಸುಳ್ಳಾದರೆ? ಅವತ್ತು ಸಂಜೆ ಬಸ್ಸಿನಲ್ಲಿ ಪತ್ರಿಕೆಯ ಅಂಚಿನ ಮೇಲೆ ಗೆರೆ ಎಳೆದು ನೋಡಿದೆ. ಕಣ್ಣು ಎತ್ತರವಾದಷ್ಟೂ ದಾರ ಮೇಲೆ ಹೋಗಬೇಕು, ಕೆಳಗಲ್ಲ. ಮರುದಿನ ಅವಳನ್ನು ಮೊದಲು ನೆಲದ ಮೇಲೆ, ಆಮೇಲೆ ಮಣೆಯ ಮೇಲೆ ನಿಲ್ಲಿಸಿ ತೋರಿಸಿದೆ. ಅವಳು ಬೆಳೆದದ್ದರಿಂದ ಗುಡ್ಡ ಇದ್ದದ್ದಕ್ಕಿಂತ ಎತ್ತರವಾಗಿಯೇ ಕಾಣುತ್ತಿತ್ತು. ಅಂದರೆ ನಿಜವಾದ ಇಳಿತ ದಾರ ಹೇಳಿದ್ದಕ್ಕಿಂತ ಹೆಚ್ಚು. ಅವಳು ಮಣೆಯಿಂದ ಇಳಿದು ಮತ್ತೆ ಗುರುತಿನ ಮೇಲೆ ನಿಂತು ಗುಡ್ಡ ನೋಡಿದಳು.

"ಹಂಗಾರ ನಾ ಬೆಳೆಯೋದಕ್ಕಿಂತ ಜಲ್ದಿ ಅದು ಇಳ್ಯಾಕತ್ತದ."

ಇಂಥ ಹುಡುಗಿಯನ್ನು ಓದಿಸಬೇಕು ಎಂದು ಶರಣಪ್ಪ ಸರ್ ಆಗಲೇ ಗೊತ್ತು ಮಾಡಿದ್ದರು. ಎಂಟನೆಯದು ಮುಗಿಯಲಿ, ಲಿಂಗಸುಗೂರಿನ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ತಾವೇ ಕರೆದೊಯ್ದು ಸೇರಿಸುತ್ತೇವೆ, ಕಳಿಸಬೇಕು ಎಂದು ಯಮನಪ್ಪನಿಂದ ಮಾತು ತೆಗೆದುಕೊಂಡಿದ್ದರು. ಎಂಟರವರೆಗೆ ಮನೆಯ ಎದುರಿನ ಶಾಲೆ, ಆಮೇಲೆ ಹಾಸ್ಟೆಲ್ಲು. ನಡುವೆ ಬೇಕಾದದ್ದು ಇನ್ನೆರಡು ವರ್ಷ.

ಜನವರಿಯಲ್ಲಿ ಒಂದು ಮಧ್ಯಾಹ್ನ ತಲೆಯಷ್ಟು ದಪ್ಪದ ಕಲ್ಲು ಹಾರಿ ಬಂದು ಶಾಲೆಯ ನೀರಿನ ತೊಟ್ಟಿಯನ್ನು ಒಡೆಯಿತು. ಮಕ್ಕಳು ಊಟಕ್ಕೆ ಒಳಗೆ ಕುಳಿತಿದ್ದರು, ಯಾರಿಗೂ ಏನೂ ಆಗಲಿಲ್ಲ. ಮೂರನೆಯ ತರಗತಿಯ ಗೋಡೆಯಲ್ಲಿ ಬಿರುಕು ಮೂಡಿತು. ಅವತ್ತೇ ನಾನು ಅರ್ಜಿ ಬರೆಯುವುದೆಂದು ತೀರ್ಮಾನಿಸಿದೆ. ಶಾಲೆಗೂ ಕಲ್ಲು ಸಿಡಿಸುವ ಜಾಗಕ್ಕೂ ನಡುವೆ ಇಷ್ಟು ಅಂತರ ಇರಲೇಬೇಕೆಂದು ನಿಯಮವಿದೆ. ಓದಿ ತಿಳಿದುಕೊಂಡೆ.

ಶಾಲೆಯ ಸಮಿತಿ ಸಭೆಯಲ್ಲಿ ಈ ಮಾತೆತ್ತಿದೆ, ಯಮನಪ್ಪನೂ ಇದ್ದ. ಕೊನೆಗೆ, ಈ ಶಾಲೆಯ ಬುನಾದಿಗೆ ಯಾವ ಗುಡ್ಡದ ಕಲ್ಲು ಹಾಕಿದ್ದಾರೆಂದು ಕೇಳಿದ. ಕೈಯಲ್ಲಿ ಒಡೆದು ಒಂದು ಬುನಾದಿ ಹಾಕುವುದು ಬೇರೆ, ಯಂತ್ರ ಹಚ್ಚಿ ಗುಡ್ಡವನ್ನೇ ಸಾಗಿಸುವುದು ಬೇರೆ ಎಂದು ನಾನು ಎರಡು ನಿಮಿಷದಲ್ಲಿ ಉತ್ತರಿಸಿದೆ. ಅವನು ತಲೆಯಾಡಿಸಿ ನಕ್ಕ. "ನಿಮ್ಮ ಜೋಡಿ ಮಾತಿಗೆ ನಿಂದರಾಕ ಆಗಂಗಿಲ್ರೀ ಅಕ್ಕೋರ." ಅದನ್ನು ನಾನು ಗೆಲುವೆಂದು ಎಣಿಸಿದೆ. ಶರಣಪ್ಪ ಸರ್ ಹೊರಗೆ ಬಂದ ಮೇಲೆ, ಕಾಗದ ಒಮ್ಮೆ ಕಚೇರಿಯೊಳಗೆ ಹೋದರೆ ಏನಾಗಿ ಹೊರಗೆ ಬರುತ್ತದೆಂದು ಹೇಳಲು ಬರುವುದಿಲ್ಲ ಎಂದರು. ಅದು ಭಯ ಸರ್, ವಾದ ಅಲ್ಲ ಎಂದೆ.

ಅಂತರ ಅಳೆಯಲು ರೈತರೊಬ್ಬರ ಮನೆಯಿಂದ ಉದ್ದದ ಹಗ್ಗ ತಂದೆವು. ಟೇಪಿನಿಂದ ಹಗ್ಗಕ್ಕೆ ಗುರುತು ಹಾಕಿ, ಶಾಲೆಯ ಗೋಡೆಯಿಂದ ಕಲ್ಲು ಸಿಡಿಸಿದ ಕುಳಿಯವರೆಗೆ, ಜಾಲಿಗಿಡ ತಪ್ಪಿಸುತ್ತ ನಡೆದೆವು. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಹುಲಿಗೆಮ್ಮನ ಕೈಯಲ್ಲಿ. ಹಗ್ಗ ಜೋತುಬಿದ್ದರೆ ದೂರ ಇದ್ದದ್ದಕ್ಕಿಂತ ಹೆಚ್ಚು ಬರುತ್ತದೆ, ಬಿಗಿಯಾಗಿ ಜಗ್ಗಿ ಹಿಡಿ ಎಂದು ನಾನು ಪ್ರತಿ ಸಲವೂ ಕೂಗಿದೆ. ಅವಳು ಅಂಗೈ ಕೆಂಪಾಗುವಂತೆ ಜಗ್ಗಿ ಹಿಡಿದಳು. ನಿಯಮ ಹೇಳಿದ ಅಂತರಕ್ಕಿಂತ ಕಡಿಮೆ ಬಂತು. ಇಬ್ಬರೂ ಖುಷಿಪಟ್ಟೆವು.

ಅರ್ಜಿಯನ್ನು ಅಪ್ಪನಿಗೆ ತೋರಿಸಲಿಲ್ಲ. ಗುಮಾಸ್ತರ ಭಾಷೆ ಹತ್ತಿಬಿಡುತ್ತದೆ ಎಂಬ ಗರ್ವ. ನಿಯಮ, ಅಳತೆ, ಒಂಬತ್ತು ಸರಳುಗಳ ಪಟ್ಟಿ, ಬಿರುಕಿನ ಫೋಟೋ, ಒಡೆದ ತೊಟ್ಟಿ. ಕಲ್ಲು ಸಿಡಿಸುವ ಜಾಗಕ್ಕೆ ಇಷ್ಟು ಹತ್ತಿರದಲ್ಲಿ ಮಕ್ಕಳು ಕುಳಿತು ಓದುವುದು ಯಾವ ಕಾರಣಕ್ಕೂ ಸುರಕ್ಷಿತವಲ್ಲ ಎಂದು ಬರೆದೆ. ಕೊನೆಗೆ ಎಲ್ಲರೂ ಬರೆಯುವ ಸಾಲು, ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ.

ಫೆಬ್ರವರಿಯಲ್ಲಿ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದರು. ಫೈನಲ್ ಸುತ್ತಿನಲ್ಲಿ ಮಾತಾಡುವ ಹಾಗೆ ನಾನು ಒಂದೊಂದೇ ಅಂಶ ಮುಂದಿಟ್ಟೆ. ಅವರು ಎಲ್ಲದಕ್ಕೂ ಹೌದೆಂದರು. ಒಂದಕ್ಕೂ ಎದುರು ಆಡಲಿಲ್ಲ. ಹುಲಿಗೆಮ್ಮನನ್ನು ಗುರುತಿನ ಮೇಲೆ ನಿಲ್ಲಿಸಿ ಕಿಟಕಿಯ ದಾರಗಳನ್ನು ವಿವರಿಸಲು ಹೇಳಿದೆ, ಅವಳು ತಡವರಿಸದೆ ಹೇಳಿದಳು. ಅವರು ಅವಳ ಬೆನ್ನು ತಟ್ಟಿದರು. ಹಗ್ಗದ ಅಳತೆಯನ್ನು ತಮ್ಮ ಟೇಪಿನಿಂದ ಮತ್ತೊಮ್ಮೆ ನೋಡಿದರು. ನಮ್ಮದು ಸರಿಯಾಗಿತ್ತು. ಅವತ್ತು ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಇಡೀ ಶಾಲೆಗೆ ಸಾಲುವಷ್ಟು ಬೂಂದಿ ಲಾಡು ಕೊಂಡಿಟ್ಟೆ, ಮರುದಿನ ಹಂಚಿದೆ.

ಏಪ್ರಿಲ್ ಮೊದಲ ವಾರ ಆದೇಶ ಬಂತು. ಶರಣಪ್ಪ ಸರ್ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಕಲ್ಲು ಸಿಡಿಸುವ ಜಾಗಕ್ಕೆ ಇಷ್ಟು ಹತ್ತಿರದಲ್ಲಿ ಮಕ್ಕಳು ಕುಳಿತು ಓದುವುದು ಯಾವ ಕಾರಣಕ್ಕೂ ಸುರಕ್ಷಿತವಲ್ಲವಾದ್ದರಿಂದ. ನನ್ನದೇ ವಾಕ್ಯ, ಕೊನೆಯ ಆದ್ದರಿಂದ ಒಂದನ್ನು ಬಿಟ್ಟರೆ ಒಂದಕ್ಷರ ಬದಲಿಲ್ಲ. ಅದರ ಮುಂದಿನದು ಮಾತ್ರ ನನ್ನದಲ್ಲ. ಶಾಲೆಯನ್ನು ಹೈವೇಯ ಆಚೆಯ ದೊಡ್ಡ ಊರಿನ ಶಾಲೆಯೊಂದಿಗೆ ವಿಲೀನಗೊಳಿಸಲಾಗಿದೆ. ಮುಂದಿನ ಜೂನ್‌ನಿಂದ ಮಕ್ಕಳು ಅಲ್ಲಿಗೇ ಹಾಜರಾಗತಕ್ಕದ್ದು.

ನಾನು ಕಾಗದ ಕಸಿದುಕೊಂಡು ಓದಿದೆ. ಎಲ್ಲಿಯಾದರೂ ತಪ್ಪು ಸಿಕ್ಕೀತೆಂದು ಮತ್ತೆ ಓದಿದೆ. ಸಿಗಲಿಲ್ಲ.

"ನೀವು ಎರಡೂ ಹತ್ತಿರ ಅದಾವು ಅಂತ ಬರದ್ರಿ" ಎಂದರು ಶರಣಪ್ಪ ಸರ್. ಧ್ವನಿಯಲ್ಲಿ ಚುಚ್ಚು ಇರಲಿಲ್ಲ, ಅದೇ ಕಷ್ಟವಾಯಿತು. "ಯಾವುದನ್ನ ಸರಸಬೇಕು ಅಂತ ಬರೀಲಿಲ್ಲ, ಮೇಡಂ."

ಮನೆಗೆ ಹೋಗಿ ಅಪ್ಪನಿಗೆ ಅರ್ಜಿಯ ಪ್ರತಿ ತೋರಿಸಿದೆ. ಅವರು ವಾದದ ಮೂರು ಪುಟಗಳನ್ನು ತಿರುವಿ ಹಾಕಿ ನೇರ ಕೊನೆಯ ಸಾಲಿಗೆ ಬೆರಳಿಟ್ಟರು. ಕಚೇರಿಯಲ್ಲಿ ಮೊದಲು ಓದುವುದು ಇದನ್ನು ಎಂದರು. ಏನು ಬೇಕು ಅಂತ ಹೇಳದವರಿಗೆ, ಕೊಡುವವರಿಗೆ ಯಾವುದು ಸಸಾರವೋ ಅದನ್ನೇ ಕೊಡುತ್ತಾರೆ. ಗುಡ್ಡದ ಗುತ್ತಿಗೆ ರದ್ದು ಮಾಡುವುದಕ್ಕಿಂತ ನಾಲ್ಕು ಕೋಣೆಗೆ ಬೀಗ ಹಾಕುವುದು ಸಸಾರ. ನಾನು ಮತ್ತೆ ಎರಡು ಅರ್ಜಿ ಬರೆದೆ, ಈ ಸಲ ಬೇಕಾದದ್ದನ್ನು ಮೊದಲ ಸಾಲಿನಲ್ಲೇ ಬರೆದೆ. ಒಂದಕ್ಕೆ ಜೂನ್ ಕಳೆದ ಮೇಲೆ ಜವಾಬು ಬಂತು: ಸದರಿ ಸ್ಥಳದಲ್ಲಿ ಈಗ ಶಾಲೆ ಇಲ್ಲದಿರುವುದರಿಂದ ಅಂತರದ ಪ್ರಶ್ನೆ ಉದ್ಭವಿಸುವುದಿಲ್ಲ.

ಏಪ್ರಿಲ್‌ನಲ್ಲೇ, ಮಗಳನ್ನು ಹೈವೇ ಆಚೆಯ ಶಾಲೆಗೆ ಕಳಿಸುವುದಿಲ್ಲ ಎಂದ ಯಮನಪ್ಪನ ಮನೆಯ ಕಟ್ಟೆಯ ಮೇಲೆ ಒಂದು ಇಡೀ ಮಧ್ಯಾಹ್ನ ಕುಳಿತು ವಾದಿಸಿದೆ. ಸೈಕಲ್ಲು ಎಂದೆ. ಹೈವೇ ಮೇಲೆ ಟಿಪ್ಪರು ಹೆಂಗ ಓಡಿಸ್ತಾರ ಅಂತ ನನಗ ಗೊತ್ತದ, ನಾನೂ ಅದೇ ಮಂದಿ ನಡುವ ಇರತೀನಿ ಎಂದ. ನಾಲ್ಕು ಹುಡುಗಿಯರು ಜೊತೆಯಾಗಿ ಹೋಗಲಿ ಎಂದೆ. ಉಳಿದ ಮೂವರ ಮನೆಯಲ್ಲೂ ಶಾಲೆ ಬಿಡಿಸಿಯಾಗಿತ್ತು. ಹಾಸ್ಟೆಲ್ಲಿಗೆ ಈಗಲೇ ಸೇರಿಸೋಣ ಎಂದೆ. ಆರನೇ ಕ್ಲಾಸು ಮುಗಿಸಿದ ಕೂಸನ್ನ ಊರು ಬಿಡಿಸಂಗಿಲ್ಲ, ಎಂಟು ಅಂತ ಮಾತಾಗಿತ್ತು ಎಂದ. ಅವನ ಪ್ರತಿ ಮಾತಿಗೂ ನನ್ನ ಬಳಿ ಉತ್ತರವಿತ್ತು. ನನ್ನ ಉತ್ತರಗಳನ್ನೆಲ್ಲ ಅವನು ಮರ್ಯಾದೆಯಿಂದ ಕೇಳಿಸಿಕೊಂಡ, ಚಹಾ ಕೊಡಿಸಿದ.

"ದಿನಾ ನೀವು ಬಂದು ಕೈ ಹಿಡಿದು ದಾಟಸ್ತೀರೇನ್ರೀ ಅಕ್ಕೋರ? ದಾಟಸ್ತೀನಿ ಅನ್ರಿ, ಕಳಸ್ತೀನಿ."

ನನ್ನ ಅವಧಿ ಆ ವಾರ ಮುಗಿಯುತ್ತಿತ್ತು. ಶಾಲೆ ಇದ್ದರಲ್ಲವೇ ಅತಿಥಿ? ನಾನು ಚಹಾದ ಲೋಟ ಕೆಳಗಿಟ್ಟೆ.

ಹುಲಿಗೆಮ್ಮ ನನ್ನನ್ನು ಕ್ರಾಸಿನವರೆಗೆ ಕಳಿಸಲು ಬಂದಳು. ಅಳಲಿಲ್ಲ. ದಾರಿಯುದ್ದಕ್ಕೂ ಏನೋ ಲೆಕ್ಕ ಹಾಕುತ್ತಿದ್ದಳು. ಬಸ್ಸು ಕಾಣಿಸಿದ ಮೇಲೆ ಕೇಳಿದಳು.

"ಟೀಚರ್, ಅವತ್ತು ನಾ ಹಗ್ಗ ಸ್ವಲ್ಪ ಸಡ್ಲ ಬಿಟ್ಟಿದ್ರ ದೂರ ಹೆಚ್ಚು ಬರ್ತಿತ್ತಲ್ರೀ. ಆಗ ಶಾಲಿ ಉಳೀತಿತ್ತಾ?"

ಅಧಿಕಾರಿಯ ಟೇಪು ಇತ್ತಲ್ಲ, ಹೇಗೂ ಗೊತ್ತಾಗುತ್ತಿತ್ತು ಎನ್ನಬಹುದಿತ್ತು. ಆದರೆ ನಮ್ಮ ಹಗ್ಗಕ್ಕೆ ದೂರ ಹೆಚ್ಚು ಬಂದಿದ್ದರೆ ನಾನು ಅರ್ಜಿಯನ್ನೇ ಬರೆಯುತ್ತಿರಲಿಲ್ಲ, ಅಧಿಕಾರಿ ಬರುತ್ತಲೇ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಸುಳ್ಳು ಅಳೆಯಬೇಡ ಎಂದು ಕಲಿಸಿದ್ದು ತಪ್ಪೆಂದು ಹೇಳಲು ನನಗೆ ಸಾಧ್ಯವಿರಲಿಲ್ಲ. ಸರಿಯೆಂದು ಹೇಳಲು ಮುಖವಿರಲಿಲ್ಲ. ಬಸ್ಸು ಹತ್ತಿದೆ.

ಈ ಜುಲೈಯಲ್ಲಿ ಅದೇ ಕ್ರಾಸಿನಿಂದ ನಡೆದು ಹೋದಾಗ ಶಾಲೆಯ ಬಾಗಿಲು ತೆರೆದಿತ್ತು. ಕ್ರಷರಿನ ಕೆಲಸಕ್ಕೆ ಹೊರಗಿನಿಂದ ಬಂದ ಕುಟುಂಬಗಳು ಈಗ ಅಲ್ಲಿ ಇರುತ್ತವೆ. ಮೂರನೆಯ ತರಗತಿಯ ಬಿರುಕಿನ ಕೆಳಗೆ ತೊಟ್ಟಿಲು ಕಟ್ಟಿದ್ದಾರೆ. ಮಕ್ಕಳು ಕುಳಿತು ಓದಬಾರದ ಅಂತರದಲ್ಲಿ ಮಕ್ಕಳು ಮಲಗಬಹುದು, ಅದಕ್ಕೆ ನಿಯಮದಲ್ಲಿ ತಡೆ ಇಲ್ಲ. ಆರನೆಯ ತರಗತಿಯ ಸರಳುಗಳಿಗೆ ದಾರ ಹಾಗೇ ಇವೆ, ಬಣ್ಣ ಮಾಸಿ ಎಲ್ಲವೂ ಒಂದೇ ಬೂದು. ಐದನೆಯ ಸರಳಿಗೆ ಯಾರೋ ಹೊಸದಾಗಿ ಅರಿಶಿನ ಹಚ್ಚಿದ್ದರು. ನಾನು ನೆಲದ ಗುರುತಿನ ಮೇಲೆ ನಿಂತು ಒಂದು ಕಣ್ಣು ಮುಚ್ಚಿದೆ. ಅತ್ಯಂತ ಕೆಳಗಿನ ದಾರದ ಕೆಳಗೂ ಬರೀ ಮೋಡ. ಗುಡ್ಡ ಮುಗಿದಿದೆ, ಈಗ ನೆಲದೊಳಕ್ಕೆ ತೋಡುತ್ತಿದ್ದಾರೆ.

ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ಬಳಗಾನೂರು ಕಡೆಯಿಂದ ನಾಟಿ ಮುಗಿಸಿ ಬಂದ ಹೆಂಗಸರ ಟಂಟಂ ಆಟೋ ನಿಂತಿತು. ಮೊಣಕಾಲವರೆಗೆ ಎರೆಮಣ್ಣು ಮೆತ್ತಿದ ಎತ್ತರದ ಹುಡುಗಿಯೊಬ್ಬಳು ಇಳಿದು, ನನ್ನನ್ನು ನೋಡಿ, ಬುತ್ತಿಯ ಡಬ್ಬಿಯನ್ನು ಬೆನ್ನ ಹಿಂದೆ ಮಾಡಿಕೊಂಡಳು. ಹುಲಿಗೆಮ್ಮ ಈಗ ನನಗಿಂತ ಎತ್ತರ.

ದಾರ ಇವೆಯೇ ಎಂದು ಮೊದಲು ಕೇಳಿದಳು. ಇವೆ ಎಂದೆ. ಶರಣಪ್ಪ ಸರ್ ನಿವೃತ್ತರಾಗಿ ಮುದಗಲ್ಲಿಗೆ ಹೋದರೆಂದು ಹೇಳಿದಳು. ಕೆಲಸ ಹೇಗಿದೆ ಎಂದು ನಾನು ಕೇಳಬಾರದಿತ್ತು, ಕೇಳಿದೆ. ಸಾಲು ನಾಟಿ ಬೇಕೆನ್ನುವವರ ಗದ್ದೆಯಲ್ಲಿ ಈ ಬದುವಿನಿಂದ ಆ ಬದುವಿಗೆ ಹಗ್ಗ ಹಿಡಿಯುತ್ತಾರೆ, ಹೆಂಗಸರು ಅದರ ಗುಂಟ ಸಸಿ ಊರುತ್ತ ಹಿಂದೆ ಸರಿಯುತ್ತಾರೆ. ಹಗ್ಗದ ಒಂದು ತುದಿ ಅವಳದು. ಟಂಟಂನಲ್ಲಿದ್ದ ಹಿರಿಯಾಕೆಯೊಬ್ಬಳು ಒಳಗಿನಿಂದಲೇ ಮಾತು ಸೇರಿಸಿದಳು.

"ಈಕಿ ಜೋಡಿ ಆಗಂಗಿಲ್ರೀ ಅಕ್ಕೋರ. ಹಗ್ಗ ಒಂದೀಟು ಜೋತುಬಿದ್ರ ಎಲ್ಲಾರ ಮ್ಯಾಲ ಹರಿಹಾಯ್ತಾಳ."

"ಸಡ್ಲ ಬಿಟ್ರ ಸಾಲು ಸೊಟ್ಟ ಬರ್ತಾವಲ್ರೀ" ಎಂದಳು ಹುಲಿಗೆಮ್ಮ ನನ್ನ ಮುಖ ನೋಡಿ. "ಬಿಗೀನ ಹಿಡಿತೀನಿ."

ಅಷ್ಟರಲ್ಲಿ ಕುಳಿಯ ಕಡೆಯಿಂದ ಸೀಟಿ ಕೇಳಿಸಿತು. ಈಗ ಸಂಜೆ ಸಿಡಿಸುತ್ತಾರೆ. ಅವಳು ಬೆನ್ನ ಹಿಂದಿನ ಡಬ್ಬಿಯನ್ನು ಮುಂದಕ್ಕೆ ತಂದು, ಅದರ ಮೇಲೆ ಎಡಗೈ ಮುಚ್ಚಿ, ಬಾಯಿ ತೆರೆದು ನಿಂತಳು. ಡಬ್ಬಿ ಖಾಲಿಯಾಗಿತ್ತು. ನಾನೂ ಅವಳ ಪಕ್ಕದಲ್ಲಿ ಬಾಯಿ ತೆರೆದು ನಿಂತೆ.